ಹನ್ನೆರಡು ಬಾಟಲಿಯ ಅತ್ತೆ

ಮರುಭೂಮಿಯ ಬಗ್ಗೆ ನಾನು ಇಲ್ಲಿ ಕೊಡಲಿರುವ ಬುದ್ಧಿಮಾತಿಗೆ ನನಗೆ ಬಿದ್ದ ಖರ್ಚು ಎಂಟುನೂರು ಡಾಲರು. ಬಾಡಿಗೆ ಜೀಪಿನವನು ಕೇಳಿದ್ದು ಸಾವಿರದ ಇನ್ನೂರು. ನಾನು ಇಳಿಸಿದೆ. ನೆವಾರ್ಕಿನಲ್ಲಿ ಹಳೆಯ ಕಾರುಗಳನ್ನು ಕೊಂಡು, ತೊಳೆದು, ಮಾರಿ ಮನೆ ಮಾಡಿಕೊಂಡವನು ನಾನು; ಹೇಳಿದ ಬೆಲೆಗೆ ಹೂಂ ಅಂದುಬಿಟ್ಟರೆ ಅನ್ನ ಸೇರುವುದಿಲ್ಲ. ಆದರೆ ಇಳಿದ ನಾನೂರರ ಜೊತೆಗೆ ಡ್ರೈವರು, ಸನಿಕೆ, ಟೈರಿಗೆ ಗಾಳಿ ಹೊಡೆಯುವ ಪಂಪು ಎಲ್ಲವೂ ಇಳಿದುಹೋಗಿದ್ದವು. ಅದು ಗೊತ್ತಾದದ್ದು ಒಮಾನಿನ ಮರಳಿನ ನಡುವೆ.

ಅಲ್ಲಿಗೆ ಹೋಗಿದ್ದಾದರೂ ಯಾಕೆ? ನಮ್ಮ ಸೋದರತ್ತೆಯಿಂದ. ಮಂಡ್ಯದ ನಾಲೆ ಏರಿಯ ಮೇಲೆ ಹುಟ್ಟಿ, ನೀರಿಲ್ಲದ ದೇಶವೊಂದನ್ನು ಕಣ್ಣಾರೆ ನೋಡಬೇಕು ಎಂದು ಹಟ ಹಿಡಿದವರು ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಎಪ್ಪತ್ತೊಂದು ವರ್ಷ. ಬೆರ್ರಿಯೆಸಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಲ್ಲಿಂದ ನೆವಾರ್ಕಿನ ನಮ್ಮ ಮನೆಗೆ ಫ್ರೀವೇನಲ್ಲಿ ಇಪ್ಪತ್ತು ನಿಮಿಷ. ಅಷ್ಟಕ್ಕೆ ನಾಲ್ಕು ಬಾಟಲಿ ನೀರು ತರುತ್ತಾರೆ.

"ಅತ್ತೆ, ನಮ್ಮನೇಲೂ ನಲ್ಲಿ ಇದೆ" ಎಂದೆ ಒಮ್ಮೆ.

"ನಿಮ್ಮನೆ ನಲ್ಲಿ ನಂಬ್ಕಂಡು ದಾರಿ ನಡೆಯಕಾಯ್ತದೇನ್ಲಾ?"

ಎಮರಿವಿಲ್‌ನಲ್ಲಿ ನನ್ನ ಮಗಳ ಆಫೀಸು ನೋಡಲು ಹೋದಾಗ ಆರು ಬಾಟಲಿ. ಸೆಕ್ಯುರಿಟಿಯವನು ಚೀಲ ಬಿಚ್ಚಿಸಿದ. ಅತ್ತೆ ಅವನಿಗೇ ಒಂದು ಬಾಟಲಿ ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತರು. "ಅಜ್ಜಿ, ಪ್ಲೀಸ್, ಹೀ ಈಸ್ ವರ್ಕಿಂಗ್" ಎಂದು ಮಗಳು ಗೋಗರೆದಳು. "ಕೆಲ್ಸ ಮಾಡೋರ್ಗೇ ಕಣವ್ವ ದಾವ ಆಗೋದು" ಎಂದರು ಅತ್ತೆ.

ಇಂಥವರು ಮರುಭೂಮಿಗೆ ಹೊರಟರೆ ಎಷ್ಟು ಹೊತ್ತಾರು? ಹೋಟೆಲಿನ ಬಾಗಿಲಲ್ಲಿ ಹನ್ನೆರಡು ದೊಡ್ಡ ಬಾಟಲಿ ಸಾಲಾಗಿ ನಿಂತಿದ್ದವು. ಅರ್ಧ ದಿನದ ಸುತ್ತಾಟಕ್ಕೆ ಇದು ಅತಿಯಾಯಿತು ಎಂದು ವಾದಿಸಿ, ಅಲ್ಲಿಯೂ ಚೌಕಾಸಿ ಮಾಡಿ, ಆರಕ್ಕೆ ಇಳಿಸಿದೆ. ಗೆದ್ದೆ ಎಂದುಕೊಂಡೆ. ಅತ್ತೆ ನನ್ನ ಮೂರಕ್ಕೆ ಹಸಿರು ದಾರ, ತಮ್ಮ ಮೂರಕ್ಕೆ ಕೆಂಪು ದಾರ ಕಟ್ಟಿದರು.

ಬೆಳಗ್ಗೆ ಹತ್ತಕ್ಕೆ ಜೀಪು ಹೂತಿತು. ಕಾರಿನ ವ್ಯಾಪಾರಿಯಲ್ಲವೇ, ಆಕ್ಸಲರೇಟರ್ ಒತ್ತಿದೆ. ಚಕ್ರ ಇನ್ನೂ ಒಂದು ಗೇಣು ಇಳಿಯಿತು. ಮತ್ತೆ ಒತ್ತಿದೆ, ಬಾಗಿಲೇ ಮರಳಿಗೆ ತಾಗಿತು. ಫೋನಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ಯಾವ ಕಡೆ ಹೋಗುತ್ತೇವೆಂದು ಹೋಟೆಲಿನಲ್ಲಿ ಹೇಳಿಬಂದಿದ್ದೆವೇ? ಇಲ್ಲ.

"ಆ ದಿಬ್ಬ ಹತ್ತಿ ನೋಡ್ಕೊಂಡು ಬರ್ತೀನಿ" ಎಂದು ಎದ್ದೆ. ನೋಡಿದರೆ ಶೂ ಇಲ್ಲ. ಬಿಚ್ಚಿಟ್ಟಿದ್ದ ಶೂಗಳ ಮೇಲೆ ಅತ್ತೆ ಕೂತಿದ್ದರು.

"ಅತ್ತೆ, ಶೂ ಕೊಡಿ."

"ಕೊಡಕಿಲ್ಲ. ದನ ತಪ್ಪುಸ್ಕಂಡ್ರೆ ಹುಡುಕ್ಬೋದು, ಹುಡ್ಕಕೆ ಓದೋನ್ನ ಯಾರ್ಲಾ ಹುಡುಕ್ತಾರೆ? ಬರಿಗಾಲಲ್ಲಿ ಓಯ್ತೀಯಾ, ಓಗು."

ಎರಡು ಹೆಜ್ಜೆ ಇಟ್ಟು ಕುಣಿಯುತ್ತ ವಾಪಸು ಬಂದೆ. ಅವರು ಚೀಲದಿಂದ ಕುಂಕುಮ ಬಣ್ಣದ ಸೀರೆಯೊಂದನ್ನು ತೆಗೆದು ಜೀಪಿನ ನೆತ್ತಿಯಿಂದ ಇಳಿಬಿಟ್ಟು ಕಟ್ಟಿದರು. ನಮಗೆ ನೆರಳೂ ಆಯಿತು, ದೂರದವರಿಗೆ ಬಾವುಟವೂ ಆಯಿತು.

ಆಮೇಲೆ ಅರ್ಧ ಗಂಟೆಗೊಮ್ಮೆ ಒಂದೇ ಅಪ್ಪಣೆ. "ಕುಡಿಲಾ." ನಾನು ಕುಡಿಯುತ್ತಿದ್ದೆ. "ನೀವು?" ಎಂದರೆ ಅವರೂ ಆಚೆ ತಿರುಗಿ, ಸೆರಗು ಮರೆ ಮಾಡಿಕೊಂಡು ಬಾಟಲಿ ಎತ್ತುತ್ತಿದ್ದರು. ಹಾಗೆ ಕುಡಿಯುವುದು ಅವರ ಹಳೆಯ ಅಭ್ಯಾಸ. ಮೂರು ಗಂಟೆಯ ಹೊತ್ತಿಗೆ ನನ್ನ ಮೂರನೆಯ ಬಾಟಲಿ ಬರಿದಾಯಿತು. ಅದನ್ನು ತಲೆಕೆಳಗು ಮಾಡಿ ನೋಡುತ್ತಿರುವಾಗಲೇ ದೂರದಲ್ಲಿ ಧೂಳೆದ್ದಿತು.

ಪಿಕಪ್ಪಿನಲ್ಲಿ ಬಂದದ್ದು ಒಂಟೆ ಸಾಕುವ ಮುದುಕ. ಕೆಂಪು ಬಟ್ಟೆ ಕಂಡಿತಂತೆ. ಮುರುಕು ಹಿಂದಿ ಬರುತ್ತಿತ್ತು. ಮೊದಲು ನಾಲ್ಕೂ ಟೈರಿನ ಗಾಳಿ ಅರ್ಧ ಬಿಟ್ಟ, ಆಮೇಲೆ ಸನಿಕೆ ಹಿಡಿದ. ನಾನು ಸುಮ್ಮನಿರಬೇಕಿತ್ತು. "ಎಷ್ಟು?" ಎಂದೆ. ಅವನು ಮಾತಾಡಲಿಲ್ಲ. ಮಾತಾಡದವನು ದೊಡ್ಡ ಬೆಲೆ ಇಟ್ಟುಕೊಂಡಿರುತ್ತಾನೆ ಎಂಬುದು ನನ್ನ ಕಸುಬು ಕಲಿಸಿದ ಪಾಠ. ಇಪ್ಪತ್ತು ರಿಯಾಲ್ ಎಂದೆ. ಅವನು ಅಗೆಯುತ್ತಲೇ ಇದ್ದ. ಮೂವತ್ತು ಎಂದೆ. ನಲವತ್ತಕ್ಕೆ ಬಂದಾಗ ಅವನು ಸನಿಕೆಯನ್ನು ಮರಳಿನಲ್ಲಿ ನೆಟ್ಟು, ಎದೆಯ ಮೇಲೆ ಕೈಯಿಟ್ಟು, ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದ. ಮರಳಲ್ಲಿ ಸಿಕ್ಕವನು ಅತಿಥಿ, ಅತಿಥಿಯ ಹತ್ತಿರ ಯಾರು ದುಡ್ಡು ತೆಗೆದುಕೊಳ್ಳುತ್ತಾರೆ ಎಂದ.

"ಪ್ರಾಣ ಉಳಿಸ್ದೋನ ಜೊತೇಲೂ ಯಾಪಾರ್ವೇನ್ಲಾ?" ಅತ್ತೆಯ ದನಿ ಇಳಿದಿತ್ತು.

ಜೀಪು ಮೇಲೆದ್ದ ಮೇಲೆ ಅವನ ಡೇರೆಗೆ ಕರೆದೊಯ್ದು ಕಾಫಿ ಕೊಟ್ಟರು. ನಮ್ಮ ಗೇಣುದ್ದ ಲೋಟದ ಕಾಫಿಯಲ್ಲ, ಎರಡು ಗುಟುಕಿನ ಬಟ್ಟಲು. ಸಾಕು ಎನ್ನಲು ಬಟ್ಟಲನ್ನು ಅಲ್ಲಾಡಿಸಬೇಕು; ಅಲ್ಲಾಡಿಸದಿದ್ದರೆ ಹುಯ್ಯುತ್ತಲೇ ಇರುವುದು ಅವರ ಕ್ರಮ. ನಾನು ಮೂರಕ್ಕೆ ಅಲ್ಲಾಡಿಸಿದೆ. ಅತ್ತೆಗೂ ಹೇಳಿದೆ. ಅವರು ಅಲ್ಲಾಡಿಸಲಿಲ್ಲ. ಐದಾಯಿತು. ಎಂಟಾಯಿತು.

"ಅತ್ತೆ, ಮರ್ಯಾದೆ."

"ಕೊಡೋರ ಕೈ ತಡೀಬಾರ್ದು ಕಣ್ಲಾ. ಸುಮ್ಕಿರು."

ಹನ್ನೊಂದು ಬಟ್ಟಲು. ಮುದುಕನ ಹೆಂಡತಿ ಇನ್ನೊಂದು ಹೂಜಿ ತಂದಳು. ಸಿಗ್ನಲ್ ಸಿಕ್ಕ ಕೂಡಲೇ ಮಗಳಿಗೆ ಇದನ್ನೇ ಹೇಳಿ ನಕ್ಕೆ.

ನಗು ನಿಂತದ್ದು ಹೋಟೆಲಿನ ಮುಂದೆ, ಜೀಪಿನಿಂದ ಸಾಮಾನು ಇಳಿಸುವಾಗ. ಅತ್ತೆಯ ಚೀಲ ಎತ್ತಿದರೆ ಭಾರ. ಒಳಗೆ ಕೆಂಪು ದಾರದ ಮೂರು ಬಾಟಲಿ. ಮೂರರ ಮುಚ್ಚಳದ ಸೀಲೂ ಒಡೆದಿರಲಿಲ್ಲ.

ನಾನು ಅವರ ಮುಖ ನೋಡಿದೆ. ಬೆಳಗಿನಿಂದ ಮೊದಲ ಸಲ ಸರಿಯಾಗಿ ನೋಡಿದ್ದು. ತುಟಿ ಒಡೆದು ಬಿಳಿಚಿಕೊಂಡಿತ್ತು.

"ಯಾಕತ್ತೆ?"

"ನಿಂದು ಮುಗುದ್ರೆ ಇರ್ಲಿ ಅಂತ ಮಡಗಿದ್ದೆ. ನೀನು ಆರ್ಕೆ ಇಳಿಸ್ದಾಗ್ಲೇ ಗೊತ್ತಾಯ್ತು, ಮುಗುದೋಯ್ತದೆ ಅಂತ. ನಾನು ನಾಲೆ ನೀರು ಕುಡ್ದು ಬೆಳ್ದೋಳು, ವಟ್ಟೇಲಿ ಇನ್ನೂ ಐತೆ ಬುಡು."

ನೀವು ಮರುಭೂಮಿಯ ದೇಶಕ್ಕೆ ಹೋಗುವವರಾದರೆ ಡ್ರೈವರನ್ನು ಬಿಡಬೇಡಿ, ಸನಿಕೆ ಪಂಪು ಮರೆಯಬೇಡಿ, ಯಾವ ಕಡೆ ಹೋಗಿ ಯಾವಾಗ ಬರುತ್ತೀರೆಂದು ಒಬ್ಬರಿಗಾದರೂ ಹೇಳಿಹೋಗಿ. ಮರಳಿಗೆ ಇಳಿಯುವ ಮೊದಲೇ ಟೈರಿನ ಗಾಳಿ ಇಳಿಸಿ. ಸಿಕ್ಕಿಕೊಂಡರೆ ಗಾಡಿಯ ನೆರಳು ಬಿಟ್ಟು ಕದಲಬೇಡಿ. ಉಳಿದೆಲ್ಲದರಲ್ಲಿ ಚೌಕಾಸಿ ಮಾಡಿ. ನೀರಿನಲ್ಲಿ ಮಾತ್ರ ಬೇಡ. ಜೊತೆಗೆ ಹಿರಿಯರಿದ್ದರೆ, ಬಾಟಲಿ ಬಾಯಿಗೆ ಹೋಯಿತೇ ಎಂದು ನೋಡಿದರೆ ಸಾಲದು. ಸೆರಗು ಸರಿಸಿಯಾದರೂ ಸರಿ, ಗಂಟಲು ಆಡಿತೇ ನೋಡಿ.