ಮುಲಾಮಿನ ವಾಸನೆಯ ಆಟಗಾರ

ಕಬಡ್ಡಿ ಆಡುವವನಿಗೆ ಅಂಕಣದಲ್ಲಿ ಏಳು ಜನ ಎದುರಾಳಿಗಳು. ಅವನು ರೇಷ್ಮೆ ಸಾಕುವವರ ಮನೆಯಲ್ಲಿ ಹುಟ್ಟಿದ್ದರೆ ಮನೆಯೊಳಗೆ ಇನ್ನೂ ಸಾವಿರಾರು. ಹಾಗಾಗಿ ನನ್ನ ಬದುಕಿನಲ್ಲಿ ಫಜೀತಿಗಳಿಗೆ ಯಾವತ್ತೂ ಬರವಾಗಲಿಲ್ಲ.

ಬಾಗಿಲು

ನಮ್ಮ ತಾಲೂಕುಗಳೆಲ್ಲ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ರೈಡ್ ಮಾಡುತ್ತಿದ್ದೆ ಅನ್ನುವುದೇ ಸರಿ. ಅಂತರ ಕಾಲೇಜು ಫೈನಲ್ಲಿನ ಕೊನೆಯ ರೈಡಿನಲ್ಲಿ ಇಬ್ಬರನ್ನು ಮುಟ್ಟಿ ಬಂದೆ. ಗೆದ್ದೆವು. ಉತ್ತಮ ರೈಡರ್ ಕಪ್ ನನಗೇ ಬಂತು.

ನನಗಿದ್ದ ಆಸೆ ಒಂದೇ: ನಾನು ಆಡುವುದನ್ನು ಅಪ್ಪ ಒಮ್ಮೆ ನೋಡಬೇಕು. ಕರೆದಾಗಲೆಲ್ಲ ಅವರದು ಒಂದೇ ಉತ್ತರ: "ನಾನು ಬಂದ್ರೆ ಹುಳುಗೆ ಸೊಪ್ಪು ನಿಮ್ಮ ಮೇಷ್ಟ್ರು ಹಾಕ್ತಾರಾ?"

ಆ ಸಂಜೆ ಭುಜಕ್ಕೆ ನೋವಿನ ಮುಲಾಮು ಮೆತ್ತಿಕೊಂಡು, ಕಪ್ ಹಿಡಿದು ನಮ್ಮೂರು ಕೆಂಚಾರ್ಲಹಳ್ಳಿಯಲ್ಲಿ ಬಸ್ಸಿಳಿದೆ. ರೇಷ್ಮೆ ಹುಳುವಿಗೆ ಘಾಟು ವಾಸನೆ ಆಗದು. ಊದುಬತ್ತಿಯನ್ನೂ ನಾವು ಅಂಗಳದಲ್ಲೇ ಹಚ್ಚುತ್ತಿದ್ದೆವು. ಹುಳುವೂ ಮನುಷ್ಯರೂ ಒಂದೇ ಸೂರಿನಡಿ ಇದ್ದ ಮನೆ ನಮ್ಮದು. ಅಪ್ಪ ಬಾಗಿಲಲ್ಲೇ ತಡೆದು ಮೂಗು ಮುಚ್ಚಿಕೊಂಡರು.

"ಆ ಕಪ್ ಕೊಡಿಲ್ಲಿ, ಒಳಗಿಡ್ತೀನಿ. ನೀನು ಕೊಟ್ಟಿಗೇಲಿ ಮಲ್ಕೊಳಪ್ಪ."

ಹೆಣ್ಣು ನೋಡಿದ್ದು

ಆ ಕಪ್ಪೇ ನನಗೆ ಒಂದು ಕಾರ್ಖಾನೆಯಲ್ಲಿ ಕ್ರೀಡಾ ಕೋಟಾದ ಕೆಲಸ ಕೊಡಿಸಿತು. ಹೆಸರಿಗೆ ಗುಮಾಸ್ತ, ಸಂಬಳ ಮಾತ್ರ ಕಾರ್ಖಾನೆಯ ತಂಡಕ್ಕೆ ಆಡುವುದಕ್ಕೆ. ಗೌರಿಬಿದನೂರಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆಗೆ ಇದು ತಲೆಗೆ ಹತ್ತಲಿಲ್ಲ.

"ಸೋತ್ರೆ ಸಂಬಳ ಹಿಡ್ಕೊಳ್ತಾರಾ?" ಎಂದು ಕೇಳಿದರು.

"ಇಲ್ಲ. ಗೆದ್ರೂ ಅಷ್ಟೇ, ಸೋತ್ರೂ ಅಷ್ಟೇ."

ಕಾಫಿ ತಂದಿದ್ದ ಹುಡುಗಿಯೇ ಬಾಯಿಬಿಟ್ಟಳು: "ಮತ್ತೆ ಮೈಕೈ ಮುರ್ಕೊಳ್ಳೋದು ಯಾತಕ್ಕೆ?"

ಉತ್ತರ ಗೊತ್ತಿತ್ತು. ಅಪ್ಪ ಎಂದಾದರೂ ಬಂದು ನೋಡಲಿ ಅಂತ. ಹೆಣ್ಣು ನೋಡಲು ಬಂದವನು ಹಾಗೆ ಹೇಳುವುದುಂಟೇ? "ಅಭ್ಯಾಸ ಆಗೋಗಿದೆ" ಅಂದೆ.

"ಹೋಗ್ಲಿ ಬಿಡಮ್ಮ, ಕುಡಿಯೋ ಅಭ್ಯಾಸಕ್ಕಿಂತ ವಾಸಿ" ಎಂದು ಅವಳ ತಂದೆ ಒಪ್ಪಿಬಿಟ್ಟರು.

ಮ್ಯಾನೇಜರ್

ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಹೊತ್ತಿಗೆ ನನ್ನ ಮಂಡಿ ಕೈಕೊಟ್ಟಿತ್ತು. ನನ್ನನ್ನು ತಂಡದ ಮ್ಯಾನೇಜರ್ ಮಾಡಿದರು. ಹೆಸರು ದೊಡ್ಡದು; ಕೆಲಸ ನೀರು, ಟವೆಲು, ಇಡ್ಲಿ, ಬಸ್ ಟಿಕೆಟು. ಆಟ ನಿಂತಿದೆ ಎಂದು ಮನೆಯಲ್ಲಿ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಚಿಂತಾಮಣಿಯಲ್ಲಿ ಟೂರ್ನಮೆಂಟ್. ಪಂದ್ಯ ಶುರುವಾಗಿ ತಲೆಯೆತ್ತಿದರೆ ಎದುರಿಗೆ ಇಸ್ತ್ರಿ ಅಂಗಿ ತೊಟ್ಟ ಅಪ್ಪ! ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿ, ಬಿಡುವು ಮಾಡಿಕೊಂಡು ನೇರ ಬಂದಿದ್ದರು. ಇಷ್ಟು ವರ್ಷ ಕಾದದ್ದು ಕೊನೆಗೂ ಬಂತು, ಬಂದಾಗ ಮಂಡಿ ಇಲ್ಲ.

ಅರ್ಧ ಆಟ ಮುಗಿಯಿತು. ನಾನು ನಮ್ಮ ರೈಡರನ ಭುಜಕ್ಕೆ ಮುಲಾಮು ಉಜ್ಜುತ್ತಾ ಕೂತಿದ್ದೆ. ಅಪ್ಪ ಹತ್ತಿರ ಬಂದು ಮೂಸಿ ನೋಡಿದರು.

"ಇದೇ ವಾಸನೆ ಅಲ್ವೇನೋ, ಆಗ ನಿನ್ನ ಮೈಮೇಲೆ ಇರ್ತಿದ್ದಿದ್ದು?"

"ಹೂನಪ್ಪ."

ಅಪ್ಪನ ಮುಖ ಸಣ್ಣದಾಯಿತು. "ನೀನು ಆಡ್ತೀಯ ಅಂತ ನಮ್ಮೂರಿಂದ ಮಂಡಿಕಲ್ ತನಕ ಎಲ್ಲಾರ ಹತ್ರಾನೂ ಹೇಳ್ಕೊಂಡು ಬಂದಿದೀನಲ್ಲೋ! ಆಗಿಂದಾನೂ ಇನ್ನೊಬ್ರಿಗೆ ಹಚ್ಚೋ ಕೆಲಸಾನಾ? ಮತ್ತೆ ಆ ಕಪ್ ಯಾರ್ದೋ?"

ನನ್ನನ್ನು ಕೊಟ್ಟಿಗೆಗೆ ಕಳಿಸಿದ ಅಪ್ಪ ಊರೂರಲ್ಲಿ ನನ್ನ ಆಟ ಹೊಗಳಿಕೊಂಡು ತಿರುಗಿದ್ದರು. ಸಂತೋಷಕ್ಕೆ ಕಣ್ಣು ತುಂಬಿಬಂತು. ಅಪ್ಪ ಅದನ್ನು ಅವಮಾನ ಅಂದುಕೊಂಡು, ಬೆನ್ನು ಸವರಿ, ಕಿವಿಯ ಹತ್ತಿರ ಬಗ್ಗಿದರು.

"ಅಳಬೇಡ ಕಣಪ್ಪ. ನಾನು ಊರಲ್ಲಿ ಯಾರಿಗೂ ಹೇಳಲ್ಲ."