ಹಾರಿಹೋದ ಕಾಗೆಗೆ ಅರ್ಧ ಕೇಜಿ

ಹಾರುವ ಪ್ರಾಣಿಗೆ ತೂಕ ಎಷ್ಟು ಅನ್ನೋ ವಿಷಯದಲ್ಲಿ ನಮ್ಮ ಕಡೆ ಒಂದಲ್ಲ ಒಂದು ರಗಳೆ ಆಗುತ್ತಲೇ ಇರುತ್ತದೆ. ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿ ಒಂದು ಕಾಫಿ ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ನನ್ನ ವಾಸ. ನಲವತ್ತು ವರ್ಷ ಹಣ್ಣು ಕೊಯ್ದಿದ್ದೇನೆ, ನಲವತ್ತು ವರ್ಷ ಸಾಯಂಕಾಲ ತಕ್ಕಡಿ ಮುಂದೆ ನಿಂತಿದ್ದೇನೆ. ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೂಟೆ ಎತ್ತಿದ ಕೂಡಲೇ ಮುಳ್ಳು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ನನ್ನ ಸೊಂಟವೇ ಹೇಳುತ್ತದೆ.

ಈ ಸಲ ಕೊಯ್ಲು ಶುರುವಾದ ವಾರ, ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗಳು ಮಧ್ಯಾಹ್ನವೇ ಮನೆಗೆ ಬಂದಳು. ಪುಸ್ತಕದ ಚೀಲ ಗೂಟಕ್ಕೆ ಹಾಕಿ, ಅದೇ ಗೂಟದಿಂದ ನನ್ನ ಕೊಯ್ಲಿನ ಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು.

“ನಾಳೆಯಿಂದ ನಾನೂ ಹಣ್ಣು ಕೊಯ್ಯಕ್ಕೆ ಬರ್ತೀನಿ ಅಜ್ಜಿ. ಶಾಲೆ ಸಾಕು.”

ಆ ಚೀಲದ ದಾರ ನನ್ನ ಸೊಂಟದಲ್ಲಿ ಗೆರೆ ಬಿಡಿಸಿಟ್ಟಿದೆ. ನನ್ನ ಮಗಳ ಸೊಂಟದಲ್ಲೂ ಬಿಡಿಸುತ್ತಿದೆ. ಈ ಹುಡುಗಿಗೆ ಅದು ಬೇಡ ಅಂತ ಹೊರನಾಡಿನ ಅಮ್ಮನಿಗೆ ಹೇಳಿಕೊಂಡು ಬಂದವಳು ನಾನು. ಎಂತ ಆಯ್ತೇ ಅಂತ ವಿಚಾರಿಸಿದರೆ, ಆದದ್ದೆಲ್ಲ ಒಂದು ಪಾರಿವಾಳದಿಂದ. ಅದೂ ಇಲ್ಲದ ಪಾರಿವಾಳ! ಆದರೆ ಪಾರಿವಾಳದ ಕತೆ ಅರ್ಥ ಆಗಬೇಕಾದರೆ ಮೊದಲು ಕಾಗೆ ಕತೆ ಕೇಳಬೇಕು.

೧. ಕಾಗೆ

ಸಾಯಂಕಾಲ ಎಸ್ಟೇಟಿನಲ್ಲಿ ಮೂರು ಕಂಬ ನಿಲ್ಲಿಸಿ, ನಡುವೆ ಕೊಕ್ಕೆ ತಕ್ಕಡಿ ನೇತುಹಾಕಿ, ನಾವು ಕೊಯ್ದ ಹಣ್ಣು ತೂಗುತ್ತಾರೆ. ತೂಗುವವರು ರೈಟರ್ರು, ಅಂದರೆ ತೋಟದ ಗುಮಾಸ್ತರು. ಮೂಟೆ ಏರಿದ ಕೂಡಲೇ ಅವರು ಚೀಲದ್ದು ಅಂತ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಎಲೆದು ಅಂತ ಒಂದಿಷ್ಟು, ಇಬ್ಬನಿದು ಅಂತ ಇನ್ನೊಂದಿಷ್ಟು. ಉಳಿದದ್ದು ನಮ್ಮದು.

ನಾನು ಪ್ರಾಯದವಳಿದ್ದಾಗ ಒಂದು ದಿನ ನನ್ನ ಮೂಟೆ ತೂಗುವ ಹೊತ್ತಿಗೆ ಕಂಬದ ತುದಿಯಲ್ಲಿ ಒಂದು ಕಾಗೆ ಬಂದು ಕೂತಿತು. ರೈಟರ್ರು ತಲೆ ಎತ್ತಿ ನೋಡಿ, “ಕಾಗೆದು ಅರ್ಧ ಕೇಜಿ ಕಳಿ” ಅಂದರು.

“ಅಯ್ಯೋ ರೈಟರೇ, ಕಾಗೆ ಕೂತಿರೋದು ಕಂಬದ ಮೇಲೆ. ನನ್ನ ಮೂಟೆ ಮೇಲಲ್ಲ.”

“ತಕ್ಕಡಿ ಯಾವುದಕ್ಕೆ ನೇತಾಕಿದೆ? ಕಂಬಕ್ಕೆ ತಾನೇ?”

ಅಷ್ಟರಲ್ಲಿ ಕಾಗೆಗೇ ನಾಚಿಕೆಯಾಗಿ ಹಾರಿಹೋಯಿತು. “ಹೋಯ್ತಲ್ಲ ರೈಟರೇ, ಈಗ ಆ ಅರ್ಧ ಕೇಜಿ ಸೇರಿಸಿ” ಅಂದೆ.

“ಕಾಗೆ ತೂಕ ಕಾಗೆ ಜೊತೆಗೇ ಹೋಯ್ತು. ಅದನ್ನ ನನ್ನ ಹತ್ರ ಕೇಳಿದ್ರೆ?” ಅಂದರು.

ಮಾರನೇ ದಿನ ಕಾಗೆ ಬರಲಿಲ್ಲ. ಅರ್ಧ ಕೇಜಿ ಮಾತ್ರ ಹೋಯಿತು. ಯಾಕೆ ಅಂದರೆ, “ನಿನ್ನೆ ಬಂದಿತ್ತಲ್ಲ, ಅಭ್ಯಾಸ ಆಗಿರುತ್ತೆ.” ನಾನು ಸುಮ್ಮನಾದೆ. ಸುಮ್ಮನಾದದ್ದೇ ತಪ್ಪು. ವಾರದೊಳಗೆ ಎಲ್ಲ ಹೆಂಗಸರ ಮೂಟೆ ಮೇಲೂ ಕಾಗೆ ಕೂತಾಗಿತ್ತು. ಆಮೇಲೆ ಮೂರು ರೈಟರ್ರು ಬದಲಾದರು. ಹೊಸಬರು ಬಂದಾಗಲೆಲ್ಲ, ನಮ್ಮ ಮೇಲೆ ಕೆಲಸ ನೋಡುವ ಮೇಸ್ತ್ರಿಯನ್ನು “ಇದು ಎಂತದ್ದಯ್ಯ ಅರ್ಧ ಕೇಜಿ?” ಅಂತ ಕೇಳುತ್ತಾರೆ. ಅವನು ಭಕ್ತಿಯಿಂದ, “ಕಾಗೆದು ಸಾರ್, ಹಿಂದಿನಿಂದ ಬಂದ ಪದ್ಧತಿ” ಅನ್ನುತ್ತಾನೆ.

ಆ ಕಾಗೆ ಸತ್ತು ಎಷ್ಟು ಕಾಲವಾಯಿತೋ. ತೂಕ ಮಾತ್ರ ಒಂದು ಗ್ರಾಂ ಇಳಿದಿಲ್ಲ.

೨. ಹುಂಜ

ಮೊಮ್ಮಗಳಿಗೆ ಶಾಲೆಯ ಬೂಟು ತರಬೇಕಿತ್ತು. ಮನೆಯಲ್ಲಿ ಸಾಕಿದ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಜೀಪು ಹತ್ತಿ ಸಂತೆಗೆ ಹೋದೆ. ಒಬ್ಬ ಹೋಟೆಲಿನವನು ಬಂದ. ಕೈಯಲ್ಲಿ ಹಿಡಿಯುವ, ನಂಬರು ಬೀಳುವ ತಕ್ಕಡಿ ತಂದಿದ್ದ. ಹುಂಜದ ಕಾಲಿಗೆ ಕೊಕ್ಕೆ ಸಿಕ್ಕಿಸಿ ತಲೆಕೆಳಗೆ ಎತ್ತಿದ. ಅದು ಸುಮ್ಮನಿರುತ್ತದಾ? ರೆಕ್ಕೆ ಬಡಿಯಿತು. ನಂಬರು ಮೇಲೆ ಕೆಳಗೆ ಕುಣಿಯಿತು. ಅವನು ಕಣ್ಣು ಸಣ್ಣ ಮಾಡಿ ಕಾಯುತ್ತಿದ್ದ. ಎಲ್ಲಕ್ಕಿಂತ ಕೆಳಗೆ ಬಂದಾಗ ಒಂದು ಗುಂಡಿ ಒತ್ತಿ ನಿಲ್ಲಿಸಿದ.

“ಇಷ್ಟೇ ಅಜ್ಜಿ ನಿಮ್ಮ ಕೋಳಿ.”

“ಅದು ರೆಕ್ಕೆ ಬಡೀತಾ ಇತ್ತಲ್ಲ ಮಾರಾಯ! ಸುಮ್ಮನಾದ ಮೇಲೆ ನೋಡು.”

“ಹಾರುವಾಗ ಅದರ ತೂಕ ಇಷ್ಟೇ. ನಾನೇನು ಸುಳ್ಳು ಹೇಳಿದ್ನಾ? ಮಿಷನ್ ಹೇಳಿದ್ದು.”

“ಹಾಗಾದ್ರೆ ಹಾರುವಾಗ್ಲೇ ತಗೊಂಡು ಹೋಗು” ಅಂತ ಸಿಟ್ಟಿನಲ್ಲಿ ಕಾಲಿನ ಹಗ್ಗ ಬಿಚ್ಚಿಬಿಟ್ಟೆ. ಹುಂಜ ಅವನ ಹೋಟೆಲಿನ ತಗಡಿನ ಮಾಡು ಹತ್ತಿ ಕೂತು ಕೂಗಿತು. ಸಂತೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅಳು ಬಂತು, ಯಾಕೆಂದರೆ ಅದನ್ನು ಇಳಿಸುವಷ್ಟರಲ್ಲಿ ಕೊನೇ ಜೀಪು ಹೊರಡುವ ಹೊತ್ತು. ಹುಂಜಕ್ಕೆ ರೆಕ್ಕೆ ಇತ್ತು, ನನಗಿರಲಿಲ್ಲ. ಅವನು ಹೇಳಿದ ತೂಕಕ್ಕೇ ಕೊಟ್ಟು ಬಂದೆ. ಬೂಟು ಸಿಗಲಿಲ್ಲ, ಚಪ್ಪಲಿ ಸಿಕ್ಕಿತು.

ಮುಂದಿನ ವಾರ ಸಿಕ್ಕಿದಾಗ ಅವನದ್ದೇ ದೂರು: “ಅಜ್ಜಿ, ನಿಮ್ಮ ಹುಂಜ ಹೆಚ್ಚಿ ಬೇಯಿಸಿದ್ರೂ ಒಂದು ಪಾತ್ರೆ ತುಂಬಲಿಲ್ಲ.”

“ಪಾತ್ರೆ ಒಳಗೂ ಹಾರ್ತಾ ಇತ್ತೇನೋ, ಸರಿಯಾಗಿ ನೋಡಬೇಕಿತ್ತು” ಅಂದೆ.

೩. ಬ್ರಾಯ್ಲರು

ನಮ್ಮ ಲೈನಿಗೆ ಬರುವ ದಾರಿಯಲ್ಲಿ ಒಂದು ಹಳ್ಳ, ಹಳ್ಳಕ್ಕೆ ಮರದ ಸೇತುವೆ. ಹೋದ ವರ್ಷ ಕೊಯ್ಲು ಮುಗಿದಾಗ ತೋಟದ ಸಾಹುಕಾರ್ರು ಎಲ್ಲರಿಗೂ ಊಟ ಹಾಕಿಸುತ್ತೇನೆ ಅಂತ ಒಂದು ಗಾಡಿ ಬ್ರಾಯ್ಲರ್ ಕೋಳಿ ತರಿಸಿದರು. ಡ್ರೈವರ್ ಸೇತುವೆ ನೋಡಿ ಗಾಡಿ ನಿಲ್ಲಿಸಿದ. “ಇದು ತಡೆಯಲ್ಲ, ನಾನು ಹತ್ತಲ್ಲ” ಅಂದ.

ನಮ್ಮ ಮೇಸ್ತ್ರಿ, ಅದೇ ಕಾಗೆ ಪದ್ಧತಿಯವನು, ಮುಂದೆ ಬಂದ. “ಅದಕ್ಕೆಂತ ಮಾರಾಯ? ಸೇತುವೆ ದಾಟೋವಷ್ಟು ಹೊತ್ತು ಕೋಳಿಗಳೆಲ್ಲ ಪಂಜರದೊಳಗೇ ಹಾರ್ತಾ ಇದ್ರೆ ಗಾಡಿ ಹಗುರ ಆಗುತ್ತೆ.” ಹೇಳಿದ್ದೇ ತಡ, ಹತ್ತು ಹೆಂಗಸರನ್ನು ಕರೆದು ಕೈಗೆ ತಟ್ಟೆ, ಬಿಂದಿಗೆ ಕೊಟ್ಟು, “ಗಾಡಿ ಪಕ್ಕದಲ್ಲೇ ಬಡೀತಾ ಬನ್ನಿ. ಹೆದರಿ ಹಾರಬೇಕು” ಅಂದ.

ಡ್ರೈವರ್ ಅರೆಮನಸ್ಸಿನಲ್ಲಿ ಗಾಡಿಯನ್ನು ಸೇತುವೆಗೆ ಹತ್ತಿಸಿದ, ನಾವು ಬಡಿದೆವು. ಕೋಳಿಗಳು ಒಂದು ಸಲ ಕತ್ತು ತಿರುಗಿಸಿ ನೋಡಿದವು, ಮತ್ತೆ ಹಾಗೇ ಕೂತವು. ಹುಟ್ಟಿದ್ದು ಪಂಜರದಲ್ಲಿ, ಬೆಳೆದದ್ದು ಪಂಜರದಲ್ಲಿ. ತಮಗೆ ರೆಕ್ಕೆ ಇದೆ ಅನ್ನೋದೇ ಅವಕ್ಕೆ ಗೊತ್ತಿಲ್ಲ.

“ಪಾಪ, ಲೈನಿನಲ್ಲಿ ಹುಟ್ಟಿದವಿರಬೇಕು” ಅಂದಳು ಪಕ್ಕದ ಮನೆಯವಳು.

“ಇನ್ನೂ ಜೋರಾಗಿ! ಇನ್ನೂ ಹತ್ತಿರ!” ಅಂತ ಮೇಸ್ತ್ರಿ ಆಚೆ ದಡದಲ್ಲಿ ನಿಂತು ಕೂಗಿದ. ಹತ್ತೂ ಜನ ಸೇತುವೆ ನಡುವಿಗೆ ಬಂದೆವು. ಚಟಾರ್ ಅಂತು. ಗಾಡಿಗೆ ಏನೂ ಆಗಲಿಲ್ಲ. ಕೋಳಿ ಹಗುರ ಮಾಡಲಿಕ್ಕೆ ಅಂತ ಹತ್ತಿಸಿದ ನಮ್ಮ ಭಾರಕ್ಕೇ ಹಲಗೆ ಮುರಿದು, ನನ್ನ ಕಾಲು ಮೊಣಕಾಲಿನವರೆಗೆ ಕೆಳಗೆ ಹೋಯಿತು.

ಮೇಸ್ತ್ರಿ ಓಡಿ ಬಂದು ನನ್ನನ್ನೇ ಬೈದ: “ನೀವಾದರೂ ಸ್ವಲ್ಪ ಹಾರಬಾರದಿತ್ತಾ?”

ಕಾಲು ಊದಿ ತಿಂಗಳು ಮನೆಯಲ್ಲೇ ಕೂತೆ. ಅಂಗಳದಲ್ಲಿ ಭತ್ತದ ಹೊಟ್ಟು ಹರಡಿತ್ತು. ಹೇಂಟೆ ಕಟ್ಟೆಯಿಂದ ಅದರ ಮೇಲೆ ಹಾರಿದಾಗಲೆಲ್ಲ, ಕಾಲು ನೆಲಕ್ಕೆ ತಾಗುವ ಮೊದಲೇ ಕೆಳಗಿನ ಹೊಟ್ಟು ಚೆಲ್ಲಾಪಿಲ್ಲಿ. ಮೊಮ್ಮಗಳನ್ನು ಕರೆದು ತೋರಿಸಿದೆ. “ನೋಡೇ, ಹಾರೋದು ಅಂದ್ರೆ ರೆಕ್ಕೇಲಿ ಗಾಳೀನ ಕೆಳಕ್ಕೆ ಒತ್ತೋದು. ಕೋಳಿ ಗಾಳಿ ಮೇಲೆ ಕೂತಿದೆ, ಗಾಳಿ ನೆಲದ ಮೇಲೆ ಕೂತಿದೆ. ಪೆಟ್ಟಿಗೆ ಒಳಗೆ ಹಾರಿದ್ರೆ ಪೆಟ್ಟಿಗೆ ತಳದ ಮೇಲೆ. ಯಾರು ಎಷ್ಟು ಮೇಲೆ ಹಾರಿದ್ರೂ ಹೊರೋದು ಮಾತ್ರ ಕೆಳಗಿದ್ದೋರು.”

ಆ ಮಾತೇ ಅವಳನ್ನು ಕೆಡಿಸಿದ್ದು.

೪. ಪಾರಿವಾಳ ಮತ್ತು ಜೇನು

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒಂದು ಒಗಟು ಹಾಕಿದರಂತೆ. ತಕ್ಕಡಿ ಮೇಲೆ ಗಾಳಿ ಆಡದ ಹಾಗೆ ಮುಚ್ಚಿದ ಪೆಟ್ಟಿಗೆ, ಒಳಗೆ ಪಾರಿವಾಳ. ಕೂತಿದ್ದ ಪಾರಿವಾಳ ಪೆಟ್ಟಿಗೆ ಒಳಗೇ ಹಾರತೊಡಗಿತು. ಈಗ ತೂಕ ಕಮ್ಮಿಯೋ, ಜಾಸ್ತಿಯೋ, ಅಷ್ಟೆಯೋ?

ಮಕ್ಕಳೆಲ್ಲ ಕಮ್ಮಿ ಅಂದವು. ಮೇಷ್ಟ್ರು ಶಭಾಷ್ ಅಂದರು. ಇವಳು ಎದ್ದು ನಿಂತು, “ಅಷ್ಟೇ ಇರುತ್ತೆ ಸಾರ್” ಅಂದಳು.

“ಯಾರು ಹೇಳಿದ್ದು?”

“ನಮ್ಮಜ್ಜಿ.”

“ಅಜ್ಜಿ ಎಷ್ಟನೇ ಕ್ಲಾಸು?”

ಕ್ಲಾಸೆಲ್ಲ ಗೊಳ್ ಅಂತ ನಕ್ಕಿತು. “ಹಣ್ಣು ಕೊಯ್ಯೋರ ವಿಜ್ಞಾನ ತೋಟದಲ್ಲೇ ಇರಲಿ. ಕಮ್ಮಿ ಅಂತ ಒಪ್ಪೋವರೆಗೂ ಹೊರಗೆ ನಿಂತಿರು” ಅಂದರಂತೆ. ಮೂರು ದಿನ ನಿಂತಳು. ನಾಲ್ಕನೇ ದಿನ ಮಧ್ಯಾಹ್ನ ಬಂದು ಕೊಯ್ಲಿನ ಚೀಲ ಕಟ್ಟಿದಳು.

“ಕಮ್ಮಿ ಅಂದುಬಿಡೇ ಮಾರಾಯ್ತಿ. ಒಂದು ಮಾತಿಗೆ ಶಾಲೆ ಬಿಡ್ತಾರಾ?” ಅಂದೆ.

“ನೀನು ಸುಮ್ಮನಾಗಿ ಎಂತ ಆಯ್ತು ಅಜ್ಜಿ? ಕಾಗೆ ಬಿಡ್ತಾ?”

ಮನೆ ಹಿಂದೆ ನನ್ನದು ಎರಡು ಜೇನು ಪೆಟ್ಟಿಗೆ ಇವೆ. ಮಾರನೇ ಬೆಳಿಗ್ಗೆ ಒಂದರಿಂದ ಹುಳು ಕೂತ ಮೇಣದ ಎರಿ ಎತ್ತಿ, ಬೇಕರಿಯವರು ಕೊಟ್ಟಿದ್ದ ದೊಡ್ಡ ಪಾರದರ್ಶಕ ಡಬ್ಬದೊಳಗೆ ಹುಳು ಕೊಡವಿ, ಮುಚ್ಚಳ ಬಿಗಿದು, ಮೇಲೆ ಸೆರಗು ಸುತ್ತಿದೆ. ಕತ್ತಲಾದರೆ ಅವು ಗೊಂಚಲಾಗಿ ಸುಮ್ಮನೆ ಕೂರುತ್ತವೆ. ಹುಡುಗಿಯ ಕೈ ಹಿಡಿದು ಶಾಲೆಗೆ ಹೋದೆ.

ಮೇಷ್ಟ್ರು ಬಾಗಿಲಲ್ಲೇ, “ಏನಮ್ಮ?” ಅಂದರು.

“ಪಾರಿವಾಳ ಸಿಗಲಿಲ್ಲ ಸಾರ್. ಜೇನುಹುಳು ತಂದಿದ್ದೀನಿ, ತೂಗಿ ನೋಡಿ. ನಾನು ಹೇಳಿದ್ದು ಸುಳ್ಳಾದರೆ ಇವಳನ್ನ ಇವತ್ತೇ ತೋಟಕ್ಕೆ ಕರ್ಕೊಂಡು ಹೋಗ್ತೀನಿ. ನಿಜ ಆದರೆ ಒಳಗೆ ಕೂರಿಸಿಕೊಳ್ಳಿ.”

ಮಕ್ಕಳು ಕುಣಿದುಬಿಟ್ಟವು. ಅಡುಗೆಯಾಕೆ ಬಿಸಿಯೂಟದ ಅಕ್ಕಿ ತೂಗುವ, ಕೆಂಪು ನಂಬರು ಬರುವ ತಕ್ಕಡಿ ತಂದಿಟ್ಟಳು. ಡಬ್ಬ ಇಟ್ಟು ಸೆರಗು ತೆಗೆದೆ. ಹುಳು ಕೂತಿದ್ದವು. “ಒಂಬೈನೂರು ಗ್ರಾಂ” ಅಂತ ಮಕ್ಕಳು ಓದಿದವು. ಡಬ್ಬಕ್ಕೆ ಮೆಲ್ಲಗೆ ತಟ್ಟಿದೆ. ಭೋ ಅಂತ ಎದ್ದವು, ಡಬ್ಬದ ತುಂಬ ಹಾರಿದವು. “ಒಂಬೈನೂರು!” ಇನ್ನೊಂದು ಸಲ ತಟ್ಟಿದೆ. “ಒಂಬೈನೂರೇ ಸಾರ್!”

ಮೊಮ್ಮಗಳು ನನ್ನ ಕೈ ಒತ್ತಿದಳು. ಮೇಷ್ಟ್ರು ಬಗ್ಗಿ ನೋಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಆಮೇಲೆ, “ಇದರಲ್ಲಿ ಮುಚ್ಚಳದ ಒತ್ತಡ ಇದೆ. ಮುಚ್ಚಳ ತೆಗೀಬೇಕು” ಅಂದರು.

“ಸಾರ್, ಬೇಡ.”

“ವಿಜ್ಞಾನದಲ್ಲಿ ಹೆದರಬಾರದಮ್ಮ” ಅಂತ ತಿರುಗಿಸಿ ತೆಗೆದೇಬಿಟ್ಟರು.

ಮುಂದಿನದ್ದು ಹೇಳಬೇಕಾ? ಮಕ್ಕಳು ಬೆಂಚಿನಡಿ, ಅಡುಗೆಯಾಕೆ ಅಡುಗೆ ಮನೆಯಲ್ಲಿ, ಹುಡುಗಿ ನನ್ನ ಸೆರಗಿನೊಳಗೆ. ಮೇಷ್ಟ್ರು ಕರಿಹಲಗೆ ಹಿಂದೆ. ಅಲ್ಲೂ ಹೋಗಿ ಹುಡುಕಿ ಕಚ್ಚಿದವು, ಒಂದು ಹುಬ್ಬಿಗೆ, ಎರಡು ತುಟಿಗೆ. ತಕ್ಕಡಿ ಮೇಲೆ ಖಾಲಿ ಡಬ್ಬ ಒಂದೇ ಉಳಿದಿತ್ತು. ಕರಿಹಲಗೆ ಹಿಂದಿನಿಂದ ಒಂದೇ ಕಣ್ಣು ಹೊರಗೆ ಬಂತು, ನಂಬರು ಓದಿತು, ಆಮೇಲೆ ಕೂಗು:

“ನೋಡ್ರೋ! ಆರುನೂರು! ಕಮ್ಮಿ ಆಯ್ತು! ನಾನು ಹೇಳಿರಲಿಲ್ವಾ!”

“ಸಾರ್, ಅವು ಡಬ್ಬದಲ್ಲೇ ಇಲ್ಲ” ಅಂದಳು ನನ್ನ ಸೆರಗಿನೊಳಗಿಂದ ಇವಳು.

“ಜಾಸ್ತಿ ಮಾತಾಡಬೇಡ. ಒಳಗೆ ಕೂತ್ಕೋ!”

ಅವರು ಬಾಯಿ ಮುಚ್ಚಿಸಲಿಕ್ಕೆ ಅಂದದ್ದು. ನಾನು ಹಿಡಿದುಕೊಂಡದ್ದು “ಒಳಗೆ” ಅನ್ನುವುದನ್ನು ಮಾತ್ರ. ಹುಡುಗಿಯನ್ನು ಬೆಂಚಿಗೆ ಒತ್ತಿ ಕೂರಿಸಿ, ಖಾಲಿ ಡಬ್ಬ ಎತ್ತಿಕೊಂಡು ಹೊರಟೆ. ಒಂದು ಎರಿ ಹುಳು ಹೋದವು. ಮನೆಗೆ ಬಂದು ಕೊಯ್ಲಿನ ಚೀಲ ನನ್ನ ಸೊಂಟಕ್ಕೇ ಕಟ್ಟಿಕೊಂಡು ತೋಟಕ್ಕೆ ನಡೆದೆ. ಸಾಯಂಕಾಲ ಕಾಗೆದು ಅರ್ಧ ಕೇಜಿ ಹೋಯಿತು. ಸೇರಿಸಿ ಅಂತ ಕೇಳಿದೆ, ಬಹಳ ವರ್ಷದ ಮೇಲೆ. ಸೇರಿಸಲಿಲ್ಲ. ನಾಳೆಯೂ ಕೇಳುತ್ತೇನೆ.

ಪರೀಕ್ಷೆಯಲ್ಲಿ ಮೇಷ್ಟ್ರು ಅದೇ ಪಾರಿವಾಳ ಕೊಟ್ಟರು, ಒಂದು ಮಾರ್ಕಿಗೆ. ಇವಳು ಬರೆದಳಂತೆ: “ಮುಚ್ಚಳ ಹಾಕಿದ್ದರೆ ತೂಕ ಅಷ್ಟೇ ಇರುತ್ತದೆ. ಮಾನ್ಯ ಗುರುಗಳು ಮುಚ್ಚಳ ತೆಗೆದರೆ ಕಮ್ಮಿಯಾಗುತ್ತದೆ.”

ಅರ್ಧ ಮಾರ್ಕು ಬಂತು. ಯಾವ ಅರ್ಧ ಸರಿ ಸಾರ್ ಅಂತ ಕೇಳಿದ್ದಕ್ಕೆ, ಮೇಷ್ಟ್ರು ಹುಬ್ಬು ಉಜ್ಜಿಕೊಂಡು ಅಂದರಂತೆ:

“ಎರಡೂ ತಪ್ಪೇ. ಮಾನ್ಯ ಅಂತ ಬರೆದಿದೀಯಲ್ಲ, ಅದಕ್ಕೆ ಕೊಟ್ಟಿದ್ದು.”