ಹಳದಿ ಪಟ್ಟಿಗೆ ಬಿಳಿ ಪ್ಲಾಸ್ಟರ್

ಕಂಪ್ಯೂಟರ್ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ನಮ್ಮೂರು ಕೋಲಸಿರ್ಸಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಅಂದರೆ, ನಾನು ಹೇಳಿಕೊಂಡವರಿಗೆಲ್ಲ. ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿದ್ದಾಗ ಹತ್ತು ದಿನಗಳ ಕಂಪ್ಯೂಟರ್ ತರಬೇತಿ ಪಡೆದವನು ನಾನು. ಅದೇ ವರ್ಷ ಕೊಂಡ ಕಂಪ್ಯೂಟರ್ ಇವತ್ತಿಗೂ ನಮ್ಮ ಜಗಲಿಯ ಮೂಲೆಯಲ್ಲಿ ವಿರಾಜಮಾನವಾಗಿದೆ. ವರ್ಷವರ್ಷವೂ ಆಯುಧಪೂಜೆಯ ಕುಂಕುಮ ಬಿದ್ದು ಅದರ ಹಣೆ ಕೆಂಪಾಗಿದೆ. ಗುಂಡಿ ಒತ್ತಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ನರಳುತ್ತದೆ, ನಾನು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಎಚ್ಚರಗೊಳ್ಳುತ್ತದೆ.

"ಇದ್ನ ಗುಜರಿಗೆ ಹಾಕಲಾಗ್ತಿಲ್ಯಾ?" ಎಂದು ಹೆಂಡತಿ ಕಾವೇರಿ ಆಗಾಗ ಕೇಳುತ್ತಾಳೆ.

"ಹಳೇದು ಹೇಳಿ ಹೊರಗೆ ಹಾಕದಾದ್ರೆ ಮೊದ್ಲು ಯನ್ನ ಹಾಕವು!"

"ಅದ್ನೂ ವಿಚಾರ ಮಾಡ್ತಾ ಇದ್ದೆ."

ಈ ಕಾವೇರಿ ಹನ್ನೆರಡು ವರ್ಷಗಳಿಂದ ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ. ಜೂನಿಯರ್ ಪರೀಕ್ಷೆಗೆ ಕೂರಬೇಕೆಂಬುದು ಅವಳ ಬಹುದಿನದ ಆಸೆ. ಮೊದಲ ಸಲ ಹೊರಟಾಗ ನನ್ನ ಅಮ್ಮ ಕಾಲು ಮುರಿದುಕೊಂಡಳು. ಎರಡನೇ ಸಲ ನನಗೆ ಹರ್ನಿಯಾ ಆಪರೇಷನ್. ಈಗ ಅವಳಿಗೆ ಐವತ್ತಾರು. "ಈ ಸಲ ಯಾರು ಎಂತ ಮುರ್ಕಂಡ್ರೂ ಆನು ಪರೀಕ್ಷೆಗೆ ಹೋಪದೇಯ" ಎಂದು ಘೋಷಿಸಿದ್ದಳು. ಅರ್ಜಿಯನ್ನು ವೆಬ್‌ಸೈಟಿನಲ್ಲೇ ತುಂಬಬೇಕಿತ್ತು. "ಗುರುಗಳ ಮನೇಲಿ ಎಲ್ಲರದ್ದೂ ಮೊಬೈಲಿಂದ ಕಳ್ಸ್ತ್ವಡ, ಯನ್ನದೂ ಅಲ್ಲೇ ಕಳ್ಸ್ಲನಾ?" ಎಂದು ಕೇಳಿದಳು. ಮನೆಯಲ್ಲಿ ವೈದ್ಯನಿದ್ದೂ ಪಕ್ಕದ ಮನೆಯಲ್ಲಿ ಮದ್ದು ಕೇಳಿದ ಹಾಗಾಯಿತಲ್ಲ! ಆ ಹೊಣೆಯನ್ನು ನಾನೇ ಎಳೆದುಕೊಂಡೆ.

ಕೊನೆಯ ದಿನಕ್ಕೆ ಒಂದು ತಿಂಗಳು ಮೊದಲೇ ಕೂತು ಅರ್ಜಿ ತುಂಬಿದೆ. ನಮ್ಮ ಕಂಪ್ಯೂಟರಿನಲ್ಲಿ ಆ ಪುಟ ಸ್ವಲ್ಪ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು, ನಿಜ. ಆದರೆ ಅದರ ನೆನಪಿನ ಶಕ್ತಿ ನೋಡಬೇಕು! ನಾನು ಊರಿನ ಹೆಸರು 'ಕೋ' ಎಂದು ಶುರುಮಾಡುವಷ್ಟರಲ್ಲಿ ಮೇಲಿನ, ಕೆಳಗಿನ ಖಾಲಿ ಜಾಗಗಳನ್ನೆಲ್ಲ ತಾನೇ ತುಂಬಿಕೊಂಡಿತು. ಕಾವೇರಿಯನ್ನು ಕರೆದು, "ನೋಡು, ಹಳೇ ಆಳು ಹೇಳಿದ್ರೆ ಹಿಂಗಿರವು" ಎಂದೆ. ಅವಳ ವಯಸ್ಸು ಹಾಕಿ, ಹಸಿರು ಸೀರೆಯ ಫೋಟೊ ಸೇರಿಸಿ, ಅರ್ಜಿಯನ್ನು ಉಳಿಸಿಟ್ಟೆ. ಕಳಿಸುವ ಗುಂಡಿ ಒಂದನ್ನು ಒತ್ತುವುದಷ್ಟೇ ಬಾಕಿ.

ಪುಟದ ತಲೆಯ ಮೇಲೆ ಒಂದು ಹಳದಿ ಪಟ್ಟಿ ಬರುತ್ತಿತ್ತು. ನಿಮ್ಮ ಬ್ರೌಸರ್ ಹಳೆಯದು, ಸದ್ಯದಲ್ಲೇ ಇದು ನಡೆಯುವುದಿಲ್ಲ ಎಂದೇನೋ ಅದರ ತಕರಾರು. ಮೊದಮೊದಲು ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಓಡಿಸುತ್ತಿದ್ದೆ. ಕೊನೆಕೊನೆಗೆ ಒತ್ತಿದರೂ ಹೋಗದಾಯಿತು. ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಕತ್ತರಿಸಿ ಮಾನಿಟರಿನ ಗಾಜಿಗೇ ಅಂಟಿಸಿಬಿಟ್ಟೆ!

"ಎಂತ ಬರದಿತ್ತು ಅದ್ರಲ್ಲಿ?" ಎಂದಳು ಕಾವೇರಿ.

"ಎಂತೂ ಇಲ್ಲೆ. ಕಾಣ್ದಿದ್ರೆ ಇಲ್ಲೆ ಹೇಳಿಯೇ ಲೆಕ್ಕ."

ಕೊನೆಯ ದಿನ ಬುಧವಾರ ಬಂತು. ಅಷ್ಟು ದಿನ ಏಕೆ ಕಳಿಸಲಿಲ್ಲ ಎಂದರೆ, ಒಳ್ಳೆಯ ಗಳಿಗೆ ನೋಡುತ್ತಿದ್ದೆ. ಎರಡು ಸಲ ತಪ್ಪಿದ ಪರೀಕ್ಷೆಯಲ್ಲವೇ? ಅವತ್ತು ಏಳೂವರೆಯಿಂದ ಯಮಗಂಡ. ಒಂಬತ್ತಕ್ಕೆ ಅದು ಮುಗಿಯಿತು, ಕರೆಂಟು ಹೋಯಿತು. ಹತ್ತೂವರೆಗೆ ಕರೆಂಟು ಬಂತು, ಗುಳಿಕಕಾಲ ಹಿಡಿಯಿತು. ಗುಳಿಕಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ಮಾಡಬೇಕಾಗುತ್ತದಂತೆ. ಹೆಂಡತಿ ಒಂದೇ ಪರೀಕ್ಷೆಯನ್ನು ನಾಲ್ಕು ಸಲ ಬರೆಯಬೇಕಾದೀತೆಂದು ಸುಮ್ಮನಾದೆ. ಹನ್ನೆರಡರಿಂದ ಒಂದೂವರೆ ರಾಹುಕಾಲ. ಸರಿಯಾಗಿ ಒಂದು ಮೂವತ್ತೊಂದಕ್ಕೆ ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಕಂಪ್ಯೂಟರಿನ ಮುಂದೆ ಕೂತೆ.

ಪುಟವೆಲ್ಲ ಬಿಳಿ! ನಡುವೆ ಒಂದೇ ಸಾಲು: ಇಂದು ಮಧ್ಯಾಹ್ನ ಹನ್ನೆರಡು ಗಂಟೆಯಿಂದ ಹಳೆಯ ಬ್ರೌಸರುಗಳಿಗೆ ಪ್ರವೇಶವಿಲ್ಲ.

ಪ್ಲಾಸ್ಟರ್ ಕಿತ್ತು ನೋಡಿದೆ. ಅದರಡಿಯಲ್ಲೂ ಬಿಳಿ. ಹೇಳುವುದನ್ನೆಲ್ಲ ಹೇಳಿ ಮುಗಿಸಿ ಹಳದಿ ಪಟ್ಟಿ ಹೊರಟುಹೋಗಿತ್ತು.

ಧೈರ್ಯಗೆಡಲಿಲ್ಲ. ಇಂಟರ್‌ನೆಟ್ಟಿನಿಂದಲೇ ಹೊಸ ಬ್ರೌಸರ್ ಇಳಿಸಿಕೊಳ್ಳಲು ಹೋದೆ. ಬ್ರೌಸರಿನವರು, ನಿಮ್ಮ ವಿಂಡೋಸ್ ಹಳೆಯದು ಎಂದರು. ಹೊಸ ವಿಂಡೋಸ್ ಇಳಿಸಿಕೊಳ್ಳಲು ಹೋದರೆ ಅವರು, ನಿಮ್ಮ ಕಂಪ್ಯೂಟರೇ ಹಳೆಯದು ಎಂದರು. ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರೆ ನನ್ನ ಜಾತಕ ಕೇಳುತ್ತಿದ್ದರೋ ಏನೋ! ಆಗ ನನ್ನ ಹತ್ತು ದಿನಗಳ ತರಬೇತಿ ಕೈಹಿಡಿಯಿತು. ಹನ್ನೆರಡು ಗಂಟೆಯೇ ಆಗಿಲ್ಲವೆಂದು ವೆಬ್‌ಸೈಟನ್ನು ನಂಬಿಸಿದರೆ? ಕಂಪ್ಯೂಟರಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದೆ. ಯಾವುದಕ್ಕೂ ಇರಲಿ ಎಂದು ಎರಡು ವರ್ಷ ತಿರುಗಿಸಿದೆ. ಅಲ್ಲಿಯವರೆಗೆ ತೆರೆಯುತ್ತಿದ್ದ ನನ್ನ ಇಮೇಲೂ ತಾರೀಕು ತಪ್ಪೆಂದು ಬಾಗಿಲು ಹಾಕಿಕೊಂಡಿತು! ಎಲ್ಲಿ ಒತ್ತಿದರೂ ಗಡಿಯಾರ ಮತ್ತೆ ಮುಂದಕ್ಕೆ ಬರಲೇ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಮಂಜಣ್ಣ ಎಲೆಅಡಿಕೆಯ ಕವಳ ಹಾಕಲು ಬಂದ. ವಿಷಯ ಕೇಳಿ ತನ್ನ ಮೊಬೈಲ್ ತೆಗೆದು ಒತ್ತಿದ. ಆ ಪುಟ ತೆರೆದೇ ತೆರೆಯಿತು!

"ಪಾಸ್‌ವರ್ಡ್ ಎಂತದೋ ಸುಬ್ರಾಯ?"

"ಎಂಟು ಚುಕ್ಕಿ."

"ಚುಕ್ಕಿ ಅಲ್ದೋ ಮಾರಾಯ, ಚುಕ್ಕಿ ಹಿಂದೆ ಎಂತ ಇದ್ದು?"

ಅದು ಕಂಪ್ಯೂಟರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಮರೆತಿದ್ದರೆ ಹೊಸದನ್ನು ಕಳಿಸುತ್ತೇವೆ ಎಂದು ವೆಬ್‌ಸೈಟ್ ಉದಾರವಾಗಿ ಹೇಳಿತು. ಕಳಿಸಿಯೂ ಬಿಟ್ಟಿತು, ನಾನು ಕೊಟ್ಟಿದ್ದ ಫೋನ್ ನಂಬರಿಗೆ. ಅದು ನಮ್ಮ ಮನೆಯ ಲ್ಯಾಂಡ್‌ಲೈನ್! ಕಾವೇರಿಯೂ ಸೇರಿ ಮೂವರೂ ಹತ್ತು ನಿಮಿಷ ಅದರ ಮುಂದೆ ಕೂತೆವು.

ಗಂಟೆ ಮೂರು ದಾಟಿತು. ಅರ್ಜಿಗೆ ಐದರವರೆಗೆ ಮಾತ್ರ ಅವಕಾಶ. ಕಾವೇರಿ ಬಯ್ಯಲಿಲ್ಲ. "ಹೋಗ್ಲಿ ಬಿಡಿ, ಮುಂದಿನ ವರ್ಷ ನೋಡನ" ಎಂದು ಹಾರ್ಮೋನಿಯಂಗೆ ಬಟ್ಟೆ ಮುಚ್ಚಿದಳು. ಬಯ್ದಿದ್ದರೆ ಚೆನ್ನಾಗಿತ್ತು. ತಂತಿಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಎತ್ತಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಸೀಟಿನಲ್ಲಿದ್ದ ಹೆಂಗಸೊಬ್ಬರು ಸರಿದು ಜಾಗ ಕೊಟ್ಟು, "ಪಾಪ, ಹುಷಾರಿಲ್ವಾ?" ಎಂದು ಕೇಳಿದರು. "ವಯಸ್ಸಾಗಿದೆ" ಎಂದೆ.

ಸಿದ್ದಾಪುರದ ಸೈಬರ್ ಅಂಗಡಿಯ ಬಸವರಾಜ ಹಾವೇರಿ ಕಡೆಯವನು. "ಬರ್ರಿ ಸರ, ಕುಂದರ್ರಿ. ಇದೇನ್ರಿ, ಹಸುಗೂಸನ್ನ ಎತ್ಕೊಂಡು ಬಂದಂಗ ಬಂದೀರಲ್ಲ!" ಎಂದ. ಡಬ್ಬಕ್ಕೆ ತಂತಿ ಚುಚ್ಚಿ, ಅದು ಕೆಮ್ಮಿ ನರಳಿ ಏಳುವವರೆಗೆ ತಾಳ್ಮೆಯಿಂದ ಕಾದು, ಎಲ್ಲೆಲ್ಲೋ ಒತ್ತಿ ಚುಕ್ಕಿಗಳ ಪರದೆ ಸರಿಸಿದ.

"ಕಾವೇರಿ, ಅದರ ಮುಂದ ಒಂದು, ಎರಡು ಅಂತ ಐತ್ರಿ. ಯಾರ್ರೀ ಕಾವೇರಿ ಅಂದ್ರ?"

ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಡತಿಯ ಹೆಸರು ಕಂಪ್ಯೂಟರಿಗೆ ನೆನಪಿತ್ತು. ನನಗಿರಲಿಲ್ಲ!

ಅವನು ತನ್ನ ಕಂಪ್ಯೂಟರಿನಲ್ಲಿ ಅರ್ಜಿ ತೆರೆದ. ಗಂಟೆ ನಾಲ್ಕು ಐವತ್ತು. "ಹೆಸರು, ವಿಳಾಸ ಎಲ್ಲಾ ಬರೋಬರಿ ಅದಾವೇನು, ಒಮ್ಮೆ ನೋಡ್ರಿ ಸರ." ನನ್ನ ಕನ್ನಡಕ ಮನೆಯ ಮಾನಿಟರಿನ ಮೇಲೆ ಉಳಿದಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಯಿತು. "ಎಲ್ಲ ನಾನೇ ತುಂಬಿದ್ದು. ನೋಡೋದೇನು? ಒತ್ತು!" ಎಂದೆ. ಒತ್ತಿದ. ಗೆದ್ದು ಬಂದವನಂತೆ ಡಬ್ಬ ಹೊತ್ತು ಮನೆಗೆ ಬಂದೆ. ಕಾವೇರಿ ಹಾರ್ಮೋನಿಯಂನ ಬಟ್ಟೆ ತೆಗೆದಳು.

ಮೂರು ವಾರಗಳ ನಂತರ ಪ್ರವೇಶಪತ್ರ ಬಂತು. ಹಸಿರು ಸೀರೆ ಉಟ್ಟು, ಮುಡಿಯಲ್ಲಿ ಮಲ್ಲಿಗೆ ಮುಡಿದ ಕಾವೇರಿಯ ಚಂದದ ಫೋಟೊ. ಪಕ್ಕದಲ್ಲಿ ಅಭ್ಯರ್ಥಿಯ ಹೆಸರು: ಸುಬ್ರಾಯ ಗಣಪತಿ ಹೆಗಡೆ.

ಹಳೇ ಆಳು ತನ್ನ ನೆನಪಿನ ಶಕ್ತಿಯಿಂದ ಯಜಮಾನನ ಹೆಸರನ್ನೇ ತುಂಬಿತ್ತು! ಪರೀಕ್ಷೆಯವರಿಗೆ ಫೋನು ಮಾಡಿ ಗೋಗರೆದೆ. ಗುರುತಿನ ಚೀಟಿ, ಒಂದು ಪತ್ರ ತಂದರೆ ಕೂರಿಸುತ್ತೇವೆ, ತಿದ್ದುಪಡಿ ಆಮೇಲೆ ಎಂದರು.

ಪರೀಕ್ಷೆ ಶಿರಸಿಯಲ್ಲಿ. ಹತ್ತು ಹನ್ನೆರಡು ವರ್ಷದ ಮಕ್ಕಳ ಸಾಲಿನಲ್ಲಿ ಕಾವೇರಿ ಕೂತಿದ್ದಳು. ನಾನು ಬಾಗಿಲ ಬಳಿಯ ಬೆಂಚಿನಲ್ಲಿದ್ದೆ. ಒಳಗಿನಿಂದ, "ಸುಬ್ರಾಯ ಗಣಪತಿ ಹೆಗಡೆ!" ಎಂದು ಕೂಗಿದರು. ಅಭ್ಯಾಸಬಲ ನೋಡಿ, ನಾನೇ ಎದ್ದು ನಿಂತುಬಿಟ್ಟೆ!

"ಬನ್ನಿ, ಶ್ರುತಿ ಎಷ್ಟು?" ಎಂದರು ಪರೀಕ್ಷಕರು. ಮಕ್ಕಳೆಲ್ಲ ನನ್ನನ್ನೇ ನೋಡಿದರು. ನನಗೆ ಜ್ವರದ ಡಿಗ್ರಿಯೊಂದನ್ನು ಬಿಟ್ಟರೆ ಬೇರೆ ಯಾವ ಏರಿಳಿತವೂ ತಿಳಿಯದು.

ಕಾವೇರಿ ಎದ್ದು, "ಹೆಸರು ಅವರದ್ದು ಸರ್, ಸ್ವರ ನನ್ನದು" ಎಂದು ಪತ್ರ ಕೊಟ್ಟು ಕೂತಳು. ಭೂಪ್ ರಾಗ ಹಾಡಿದಳು. ಹೊರಗೆ ನಿಂತು ಕೇಳಿದೆ. ದಿನಾ ಅಡುಗೆಮನೆಯಿಂದ ಬರುತ್ತಿದ್ದ ಅದೇ ಹಾಡು, ಅವತ್ತು ಮಾತ್ರ ಕಣ್ಣು ತುಂಬಿ ಬಂತು.

ಪ್ರಥಮ ದರ್ಜೆಯಲ್ಲಿ ಪಾಸಾದಳು. ಆದರೆ ತಿದ್ದುಪಡಿ ತಲುಪುವ ಮೊದಲೇ ಪ್ರಮಾಣಪತ್ರ ತಲುಪಿತ್ತು, ನನ್ನ ಹೆಸರಿನಲ್ಲಿ. ಕಾವೇರಿ ತಾನೇ ಬಸವರಾಜನ ಅಂಗಡಿಗೆ ಹೋಗಿ ತಿದ್ದಿಸಿ, ತನ್ನ ಹೆಸರಿನದನ್ನು ತರಿಸಿಕೊಂಡಳು. ಗುಳಿಕಕಾಲ ತಪ್ಪಿಸಿದರೂ ಪ್ರಮಾಣಪತ್ರ ಎರಡೆರಡು ಸಲ ಬಂದೇ ಬಂತು!

ಸರಿಯಾದದ್ದು ಈಗ ಅವಳ ಟ್ರಂಕಿನಲ್ಲಿದೆ. ತಪ್ಪಾದದ್ದಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ, ಕಂಪ್ಯೂಟರಿನ ಮೇಲಿನ ಗೋಡೆಗೆ ತೂಗುಹಾಕಿದ್ದಾಳೆ. ಬಂದ ನೆಂಟರೆಲ್ಲ ಅದನ್ನು ಓದಿ, "ಹೆಗಡೇರು ಹಾಡ್ತ್ರು ಹೇಳಿ ಗೊತ್ತೇ ಇತ್ತಿಲ್ಲೆ! ಒಂದು ಹೇಳಿ ನೋಡನ" ಎನ್ನುತ್ತಾರೆ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಓಡುತ್ತೇನೆ.

ಮೊನ್ನೆ ತಡೆಯಲಾರದೆ ಬೇಡಿಕೊಂಡೆ: "ಅದೊಂದು ತೆಗಿಯೇ ಮಾರಾಯ್ತಿ."

"ಎಂತಕ್ಕೆ ತೆಗೆಯವು? ಕಾಣ್ದಿದ್ರೆ ಇಲ್ಲೆ ಹೇಳಿ ಅಲ್ದಾ ನಿಂಗ್ಳ ಲೆಕ್ಕ? ಬೇಕಾದ್ರೆ ಅದ್ರ ಮೇಲೂ ಒಂದು ಪ್ಲಾಸ್ಟರ್ ಹಚ್ಕಳಿ" ಎಂದಳು.

ಅವಳು ಒಳಗೆ ಹೋದ ಮೇಲೆ ಪ್ಲಾಸ್ಟರಿನ ಸುರುಳಿ ಹುಡುಕಿ ತೆಗೆದೆ. ಖಾಲಿಯಾಗಿತ್ತು!